ಕಾಕನ ದನಿಯಲ್ಲಿ ಕೊಟ್ಟ ಮಾತು

ಆ ವಾಯ್ಸ್ ಮೆಸೇಜಿನಲ್ಲಿ ಮಾತಾಡಿದ್ದು ಕಾಕ ಅಲ್ಲ, ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಸ್ವಲ್ಪ ಜಾಣನ ಹಾಗೆ ಕಾಣಿಸುವ ಜಾಗಗಳು ಬರಬಹುದು. ಆಗ ನಂಬಿಬಿಡಬಾರದಲ್ಲ, ಅದಕ್ಕೆ.

ಯಾರ ದನಿ ಕಿವಿಗೆ ಬಿದ್ದರೂ ಅದನ್ನು ವಾಪಸು ತೆಗೆದು ತೋರಿಸುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ನನ್ನ ಗಂಟಲು ದುಬೈಯ ಅಲ್ ಬರ್ಷಾದಲ್ಲಿ ನಾನಿರುವ ಫ್ಲಾಟಿನ ಹಾಗೆಯೇ ಇದೆ. ಬೆಡ್ ಸ್ಪೇಸಿನ, ಅಂದರೆ ಮಂಚಕ್ಕಿಷ್ಟು ಬಾಡಿಗೆಯ, ಲೆಕ್ಕದಲ್ಲಿ ಜನ ತುಂಬಿದ್ದಾರೆ, ಯಜಮಾನನಿಗೇ ಮಲಗಲು ಜಾಗವಿಲ್ಲ.

ಕೆಲಸ ಮಾಡುವುದು ದುಬೈಯ ಹೊರಗೆ, ಮರಳುಗಾಡಿನ ಅಂಚಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ಅದರ ಹಿಂಬದಿಗೆ ಎರಡು ಬೀಗದ, ಪರವಾನಗಿ ಪಡೆದ ಒಂದು ಸಣ್ಣ ಕೋಣೆ. ಅಲ್ಲಿ ನಾವು ರೈಫಲ್ಲಿನ ತೋಟೆಗಳನ್ನು ಕೈಯಿಂದ ತುಂಬುತ್ತೇವೆ. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು, ಇಷ್ಟು ಸೇರಿದರೆ ಒಂದು ತೋಟೆ. ಒಂದನ್ನು ಯಾರು ಬೇಕಾದರೂ ಮಾಡಿಯಾರು. ಎರಡನೆಯದು ಮೊದಲನೆಯದರ ಹಾಗೆಯೇ ಇರಬೇಕು, ಐವತ್ತನೆಯದೂ ಹಾಗೆಯೇ ಇರಬೇಕು ಅನ್ನುವಾಗ ಬೆನ್ನಿನಲ್ಲಿ ಬೆವರು ಇಳಿಯುತ್ತದೆ.

ಕೋಣೆಯ ಯಜಮಾನರು ಕಾಕ. ಮಂಗಳೂರು ಕಡೆಯ ಬ್ಯಾರಿ, ಕ್ಲಬ್ಬಿನ ಕೋವಿಗಳ ಉಸ್ತುವಾರಿ ಪೂರ್ತಿ ಅವರದ್ದು. ಅರವತ್ತು ದಾಟಿದ್ದಾರೆ. ಮನೆ ಮಿರ್ದಿಫ್‌ನಲ್ಲಿ, ಕೊನೆಯ ಮಗಳು ಇಲ್ಲಿಯ ಶಾಲೆಯ ಕೊನೆಯ ವರ್ಷದಲ್ಲಿ. ಮಾತು ಕಡಿಮೆ. ಯಾರು ಏನು ಕೇಳಿದರೂ ‘ನೋಡುವ’ ಅನ್ನುತ್ತಾರೆ. ಅದೇ ಅವರು ಕೊಡುವ ಅತಿ ದೊಡ್ಡ ಭರವಸೆ.

ಮ್ಯಾನೇಜರು ಉಡುಪಿ ಕಡೆಯವರು. ಕೆಟ್ಟವರಲ್ಲ. ಆದರೆ ‘ಬೇಸಿಕಲಿ’ ಅನ್ನದೆ ಅವರಿಗೆ ಉಸಿರು ಹೊರಗೆ ಬರುವುದಿಲ್ಲ. ಆ ಬೇಸಿಗೆಯಲ್ಲಿ ಅವರ ಕಣ್ಣು ನಮ್ಮ ಕೋಣೆಯ ಮೇಲೆ ಬಿದ್ದಿತ್ತು.

“ಬೇಸಿಕಲಿ ಕಾಕ, ಫ್ಯಾಕ್ಟರಿಯ ರೌಂಡು ಪೆಟ್ಟಿಗೆಯಲ್ಲಿ ರೆಡಿ ಬರ್ತದೆ. ಈ ಕೋಣೆಗೆ ಲೈಸೆನ್ಸು, ಇನ್ಸೂರೆನ್ಸು, ಇನ್ಸ್‌ಪೆಕ್ಷನ್ನು, ಎಲ್ಲ ನನ್ನ ತಲೆ ಮೇಲೆ. ಇಲ್ಲಿ ಒಂದು ಕಾಫಿ ಕೌಂಟರ್ ಹಾಕಿದ್ರೆ ಜನ ಆದ್ರೂ ಕೂತ್ಕೊಳ್ತಾರೆ.”

“ನೋಡುವ,” ಅಂದರು ಕಾಕ.

ಕೋಣೆ ಹೋದರೆ ಕಾಕನ ವೀಸಾವೂ ಹೋಗುತ್ತದೆ. ಆ ವಯಸ್ಸಿನವರಿಗೆ ಹೊಸ ವೀಸಾ ಕೊಟ್ಟು ಕರೆಯುವ ಕಂಪನಿ ಇಲ್ಲಿ ಸಿಗುವುದು ಕಷ್ಟ. ಇದು ಮ್ಯಾನೇಜರಿಗೂ ಗೊತ್ತಿತ್ತು, ಕಾಕನಿಗೂ ಗೊತ್ತಿತ್ತು, ಗೋಡೆಗೆ ಒರಗಿ ಇಬ್ಬರ ದನಿಯನ್ನೂ ಮನಸ್ಸಿನಲ್ಲೇ ಕಲಿಯುತ್ತಿದ್ದ ನನಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಡಾಕ್ಟರ ಮೆಸೇಜು ಬಂತು. ಡಾಕ್ಟರು ಎಮಿರಾತಿ ಹೆಂಗಸು, ವೃತ್ತಿಯಲ್ಲಿ ಹಲ್ಲಿನ ವೈದ್ಯೆ, ನಮ್ಮ ಕ್ಲಬ್ಬಿನ ಎಲ್ಲರಿಗಿಂತ ಒಳ್ಳೆಯ ಶೂಟರ್. ಇಂಗ್ಲಿಷು, ಹಿಂದಿ, ಅರಬಿ ಮೂರನ್ನೂ ಕಲಸಿ ಮಾತಾಡುತ್ತಾರೆ, ಕಾಕನನ್ನು ಹಾಜಿ ಎಂದು ಕರೆಯುತ್ತಾರೆ. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ಇಳಿಸಿದ್ದೇನೆ. ಅಬುಧಾಬಿ ಕಡೆಯ ದೂರದ ರೇಂಜಿನಲ್ಲಿ ತಂಡದ ಆಯ್ಕೆಯ ಟ್ರಯಲು ಇತ್ತು. ಅದಕ್ಕೆ ಫ್ಯಾಕ್ಟರಿಯ ತೋಟೆ ತರಿಸಲೇ, ಇಲ್ಲ ನೀವು ತುಂಬಿಕೊಡುತ್ತೀರಾ ಎಂದು ಅವರು ಕಾಕನನ್ನು ಕೇಳಿದ್ದರು. ಕಾಕನ ಎರಡೂ ಕೈಗೆ ಗ್ರೀಸು ಮೆತ್ತಿತ್ತು.

“ನನ್ನ ಫೋನ್ ತಗೊಂಡು ‘ನೋಡುವ’ ಅಂತ ಹೇಳು ಮೋನೆ,” ಅಂದರು. ಮೋನೆ ಅಂದರೆ ಅವರ ಮಾತಿನಲ್ಲಿ ಮಗನೇ.

ನಾನು ಬಾಗಿಲಾಚೆ ಹೋಗಿ ಹೇಳಿದೆ. ಕಾಕನದೇ ದನಿಯಲ್ಲಿ, ಕಾಕನದೇ ಮೂಗಿನ ಹಿಂದಿಯಲ್ಲಿ, ನಡುವೆ ಅವರು ಗಂಟಲು ಸರಿಮಾಡುವ ಶಬ್ದವನ್ನೂ ಸೇರಿಸಿ: “ಡಾಕ್ಟರ್ ಸಾಹಿಬಾ, ಚಿಂತೆ ಮಾಫಿ, ಚಿಂತೆಯೇ ಬೇಡ. ಫ್ಯಾಕ್ಟರಿಯದ್ದಕ್ಕಿಂತ ಚಂದದ್ದು ಮಾಡಿ ಕೊಡ್ತೇನೆ. ನನ್ನ ಮಾತು.” ಕಾಕನಿಗೆ ಕೇಳಿಸಿ, ಒಂದು ಬೈಗುಳ ತಿಂದು, ಅಳಿಸುವುದೆಂದು ಲೆಕ್ಕ. ಕಾಕ ಕೈ ಒರೆಸಿ ಮುಗಿಸುವಷ್ಟರಲ್ಲಿ ಎರಡು ಟಿಕ್ಕುಗಳೂ ನೀಲಿಯಾದವು, ಡಾಕ್ಟರು ಕೇಳಿಯಾಗಿತ್ತು. ಅಳಿಸಿ ಸುಮ್ಮನೆ ಕೂತೆ. ಕಾಕನಿಗೆ ಹೇಳಲಿಲ್ಲ.

ಮರುದಿನ ಡಾಕ್ಟರು ಸೀದಾ ಕೋಣೆಯ ಬಾಗಿಲಿಗೆ ಬಂದರು. ಹಿಂದೆ ಮ್ಯಾನೇಜರು.

“ಹಾಜಿ, ಫ್ಯಾಕ್ಟರಿಯ ಆರ್ಡರ್ ಕ್ಯಾನ್ಸಲ್ ಮಾಡಿದೆ. ಇಷ್ಟು ವರ್ಷದಲ್ಲಿ ನೀವು ಯಾವುದಕ್ಕೂ ‘ನನ್ನ ಮಾತು’ ಅಂದವರಲ್ಲ. ಅಂದ ಮೇಲೆ ಇನ್ನೇನು ಯೋಚನೆ?”

ಕಾಕ ನನ್ನ ಕಡೆ ನೋಡಿದರು. ಅಷ್ಟೇ. ಹಲ್ಲಿನ ಡಾಕ್ಟರ ಎದುರಿಗೇ ನನ್ನ ಹಲ್ಲುಗಳೆಲ್ಲ ಒಟ್ಟಿಗೆ ಸಡಿಲವಾದ ಹಾಗೆ ಅನಿಸಿತು.

“ಹೌದು ಡಾಕ್ಟರ್,” ಅಂದರು ಕಾಕ.

ಮ್ಯಾನೇಜರು ಕೈ ಕಟ್ಟಿಕೊಂಡರು. “ಬೇಸಿಕಲಿ ಒಳ್ಳೆದೇ ಆಯ್ತು. ಟ್ರಯಲಿನಲ್ಲಿ ಗೊತ್ತಾಗ್ತದೆ. ಇವರ ತೋಟೆ ನಿಂತ್ರೆ ಕೋಣೆ ನಿಲ್ತದೆ. ತೋಟೆ ಕೈ ಕೊಟ್ರೆ ಮತ್ತೆ ಮಾತಿಲ್ಲ ಕಾಕ, ಖಲಾಸ್.”

ಅವರು ಹೋದ ಮೇಲೆ ನಾನು ಬಾಯಿ ತೆರೆದೆ. ಕಾಕ ಕೈ ಎತ್ತಿ ತಡೆದರು.

“ಈಗಲೇ ಡಾಕ್ಟರಿಗೆ ಫೋನ್ ಮಾಡಿ ನಾನೇ ಅಂತ ಹೇಳ್ತೇನೆ ಕಾಕ. ಇನ್ನೊಮ್ಮೆ ಆರ್ಡರ್ ಹಾಕಲಿ.”

“ಪರವಾನಗಿ ಆಗಿ, ಕಸ್ಟಮ್ಸ್ ಬಿಟ್ಟು ಬರುವಾಗ ಟ್ರಯಲು ಮುಗಿದಿರ್ತದೆ. ಅವಳಿಗೆ ತಲೆಬಿಸಿ ಮಾತ್ರ ಉಳಿಯುವುದು.” ಚಿಂದಿ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿದರು. “ನನ್ನ ದನಿ ತಗೊಂಡವ ನೀನು. ಇನ್ನು ಕೆಲಸವನ್ನೂ ತಗೊ. ಮದ್ದು ತೂಗುವುದು ನಿನ್ನದು. ಒಂದು ಕಾಳು ಹೆಚ್ಚಾದ್ರೆ ನಿನ್ನ ಸ್ವಂತ ದನಿಯೂ ಉಳಿಯುವುದಿಲ್ಲ ಹೇಳಿದ್ದೇನೆ.”

ಮೊದಲ ಪರೀಕ್ಷೆಯ ದಿನ ಕಾಕ ಬೆಂಚಿನ ಮೇಲೆ ಡಾಕ್ಟರ ರೈಫಲನ್ನು ಮರಳಿನ ಚೀಲಕ್ಕೆ ಒರಗಿಸಿ ನಿಧಾನವಾಗಿ ಹೊಡೆದರು. ಬ್ಯಾರಲಿನ ಮುಂದೆ ಗುಂಡಿನ ವೇಗ ಅಳೆಯುವ ಯಂತ್ರ. ಕಾಗದ ತಂದು ನೋಡಿದರೆ ತೂತುಗಳು ಒಂದರ ತಲೆಯ ಮೇಲೊಂದು ಹತ್ತಿ ನಿಂತಿದ್ದವು. ಮೆಟ್ರೋದ ಎಸ್ಕಲೇಟರಿನಲ್ಲಿ ಜನ ನಿಂತ ಹಾಗೆ.

“ಅಡ್ಡ ಹರಡಿದ್ರೆ ಗಾಳಿಯದ್ದು, ಇಲ್ಲ ಹೊಡೆಯುವವರದ್ದು,” ಅಂದರು ಕಾಕ. “ಉದ್ದಕ್ಕೆ ಏರಿದ್ರೆ ನಮ್ಮದು. ಒಂದು ಜೋರು ಹೋಗಿದೆ, ಒಂದು ಮೆಲ್ಲ ಹೋಗಿದೆ. ಜೋರು ಹೋದದ್ದು ಮೇಲೆ, ಮೆಲ್ಲ ಹೋದದ್ದು ಕೆಳಗೆ.”

ಯಂತ್ರದ ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಹತ್ತಿರದ ಗುರಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದು. ಡಾಕ್ಟರು ಹೊಡೆಯಬೇಕಿದ್ದ ದೂರದಲ್ಲಿ ಅದು ಆಯ್ಕೆಯನ್ನೇ ತಪ್ಪಿಸುವಂಥದ್ದು.

ಮೊದಲು ಸಂಶಯ ಬಂದದ್ದು ತಕ್ಕಡಿಯ ಮೇಲೆ. ಎಲೆಕ್ಟ್ರಾನಿಕ್ ತಕ್ಕಡಿ, ಅದರ ನೆತ್ತಿಯ ಮೇಲೆಯೇ ಏಸಿಯ ಬಾಯಿ. ಖಾಲಿ ಬಟ್ಟಲಿಟ್ಟರೂ ಕೊನೆಯ ಅಂಕಿ ಕುಣಿಯುತ್ತಿತ್ತು. ಖರ್ಜೂರದ ಪೆಟ್ಟಿಗೆಯೊಂದರ ರಟ್ಟು ಕತ್ತರಿಸಿ ಏಸಿಯ ಬಾಯಿಗೆ ಅಡ್ಡ ಕಟ್ಟಿ, ಗಾಳಿಯನ್ನು ಬಲಗಡೆಯ ಗೋಡೆಗೆ ತಿರುಗಿಸಿದೆವು. ಅಂಕಿ ನಿಂತಿತು. ಇನ್ನು ಗೆದ್ದೆವು ಅಂದುಕೊಂಡು ನಾನು ತಕ್ಕಡಿಯ ಮುಂದೆ ಮ್ಯಾನೇಜರ ದನಿಯಲ್ಲಿ ಸಣ್ಣ ಭಾಷಣ ಮಾಡಿದೆ: “ಬೇಸಿಕಲಿ, ಒಂದು ಕಾಳು ಅಂದ್ರೆ ಒಂದೇ ಕಾಳು...” ಕಾಕ ನಕ್ಕರು. ನಕ್ಕಾಗ, ಕೇಸಿಗೆ ಗುಂಡು ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿಯ ಮೇಲಿದ್ದ ಕೈ ಅದುರಿತು. ನಗು ಅಲ್ಲೇ ನುಂಗಿ, ಕೈಯಲ್ಲಿದ್ದ ತೋಟೆಯನ್ನು ತೆಗೆದು ಬದಿಗಿಟ್ಟರು.

ಮದ್ದಿನ ವಿಷಯಕ್ಕೆ ಇಲ್ಲಿ ಒಂದು ಮಾತು ಸೇರಿಸಬೇಕು. ಹೊರಗೆ ಸಮುದ್ರದ ಕಡೆಯ ಹಸಿ ಸೆಕೆ. ಬಾಗಿಲು ತೆರೆದರೆ ಕಾಕನ ಕನ್ನಡಕ ಮಬ್ಬಾಗುತ್ತಿತ್ತು. ಕಾಕ ಪ್ರತಿ ಸಲ “ಮದ್ದಿಗೆ ಪಸೆ ಹಿಡಿಯದ ಹಾಗೆ ನೋಡು ಮಾರಾಯ” ಅನ್ನುತ್ತಿದ್ದರು. ನಾವಿಬ್ಬರೂ ಕರಾವಳಿಯವರು. ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆಯನ್ನು ಒಲೆಯ ಬದಿಗೆ ಇಟ್ಟು, ಹಪ್ಪಳವನ್ನು ಡಬ್ಬದೊಳಗೆ ಇನ್ನೊಂದು ಡಬ್ಬ ಹಾಕಿ ಮುಚ್ಚಿ ಬೆಳೆದವರು. ಒಣಗಿದ್ದೆಲ್ಲ ಒಳ್ಳೆಯದು ಅನ್ನುವುದು ನಮ್ಮ ಮೈಗೆ ಹತ್ತಿದ ನಂಬಿಕೆ. ಹಾಗಾಗಿ ನಾನು ದಿನದ ಮದ್ದನ್ನೆಲ್ಲ ಬೆಳಗ್ಗೆ ಒಂದು ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಬಲಗಡೆಯ ಗೋಡೆಯ ಹತ್ತಿರ, ಗಾಳಿ ಚೆನ್ನಾಗಿ ಬರುವಲ್ಲಿ ಇಡುತ್ತಿದ್ದೆ. ಅಲ್ಲಿಂದ ಚಮಚದಲ್ಲಿ ತೆಗೆದು ತೂಗುವುದು. ಕಾಕ ನೋಡಿ ತಲೆಯಾಡಿಸಿದರು. “ಹಾಂ, ಗಾಳಿಗೆ ಇರ್ಲಿ.”

ಎರಡನೆಯ ಪರೀಕ್ಷೆ. ತೂತುಗಳ ಸಾಲು ಗಿಡ್ಡವಾಗುವ ಬದಲು ಇನ್ನಷ್ಟು ಉದ್ದವಾಗಿತ್ತು.

ಸಂಶಯ ಈಗ ಹಿತ್ತಾಳೆಯ ಕೇಸುಗಳ ಕುತ್ತಿಗೆಗೆ ಹೋಯಿತು. ಹಲವು ಸಲ ಹೊಡೆದ ಕೇಸಿನ ಕುತ್ತಿಗೆ ಗಡುಸಾಗುತ್ತದೆ. ಆಗ ಒಂದು ಗುಂಡನ್ನು ಬಿಗಿಯಾಗಿ ಹಿಡಿದರೆ ಇನ್ನೊಂದನ್ನು ಸಡಿಲವಾಗಿ ಹಿಡಿಯುತ್ತದೆ. ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿಯಲ್ಲಿ ಕಾಕನಿಗೆ ಅದು ತಿಳಿಯುತ್ತಿತ್ತು. “ಇದು ಬೆಣ್ಣೆ,” ಅನ್ನುತ್ತಿದ್ದರು, “ಇದು ಕಲ್ಲು.” ಕುತ್ತಿಗೆಯನ್ನು ಸಣ್ಣ ಜ್ವಾಲೆಯಲ್ಲಿ ಕಾಸಿ ಎಲ್ಲವನ್ನೂ ಒಂದೇ ಹದಕ್ಕೆ ತರಬೇಕು. ಮದ್ದಿನ ಕೋಣೆಗೆ ಬೆಂಕಿ ತರುವ ಹಾಗಿಲ್ಲವಾದ್ದರಿಂದ ಹೊರಗಿನ ಶೆಡ್ಡು. ಅಲ್ಲಿ ಏಸಿ ಇಲ್ಲ. ಆಕಾಶವೂ ಜ್ವಾಲೆ, ಕೈಯಲ್ಲೂ ಜ್ವಾಲೆ.

“ಕೆಂಪಾಗಲಿಕ್ಕೆ ಬಿಡಬೇಡ. ಬಣ್ಣ ತಿರುಗುವ ಮೊದಲೇ ತೆಗಿ.”

ನಾನು ಮೊದಲ ಕೆಲವನ್ನು ಸರಿಯಾಗಿ ಕಾಸಿದೆ. ಆಮೇಲೆ ಶೆಡ್ಡಿನ ಪಕ್ಕ ಸಿಗರೇಟು ಸೇದಲು ಬಂದ ಸೆಕ್ಯೂರಿಟಿಯವರಿಬ್ಬರು “ಮ್ಯಾನೇಜರನ್ನು ಒಮ್ಮೆ ಮಾಡು” ಅಂದರು. ಬೆಂಕಿ ಇದೆ, ದೂರ ಹೋಗಿ ಅಂತ ಗದರಿಸಬೇಕಾದವನು, ಗದರಿಸಿದೆ ಕೂಡ, ಆದರೆ ಮ್ಯಾನೇಜರ ದನಿಯಲ್ಲಿ. ಅವರು ನಗುತ್ತಾ ಹೋದರು. ತಿರುಗಿ ನೋಡಿದರೆ ಕೈಯಲ್ಲಿದ್ದ ಕೇಸಿನ ಕುತ್ತಿಗೆ ಮದುಮಗಳ ಕೆನ್ನೆಯ ಹಾಗೆ ಕೆಂಪಾಗಿತ್ತು. ಹಾಗೆ ಹಾಳಾದದ್ದು ಒಂದೇ ಅಲ್ಲ. ಕಾಕ ಅವನ್ನೆಲ್ಲ ಕಾಲಿನಿಂದ ಚಪ್ಪಟೆ ಮಾಡಿ ಕಸಕ್ಕೆ ಹಾಕಿದರು. ಬೈದಿದ್ದರೆ ಆ ಬೈಗುಳವನ್ನೂ ನಾನು ಎಲ್ಲಾದರೂ ಮಾಡಿ ತೋರಿಸುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತೇನೋ. ಬೈಯಲಿಲ್ಲ.

ಉಳಿದ ಕೇಸುಗಳು ಚೆನ್ನಾಗಿ ಬಂದವು. ಎಲ್ಲ ಗುಂಡುಗಳೂ ಬೆಣ್ಣೆಗೂ ಕಲ್ಲಿಗೂ ನಡುವಿನ ಒಂದೇ ಹದದಲ್ಲಿ ಕೂತವು. ಟ್ರಯಲಿಗೆ ಬೇಕಾದ ಪೆಟ್ಟಿಗೆ ತುಂಬಿತು. ಉಳಿದದ್ದನ್ನು ಪರೀಕ್ಷೆಗೆ ಹೊಡೆದೆವು. ತೂತುಗಳ ಸಾಲು ಮತ್ತೆ ಉದ್ದಕ್ಕೇ ನಿಂತಿತ್ತು.

ಅದೇ ದಿನ ಮ್ಯಾನೇಜರು ಒಬ್ಬ ಕಾಂಟ್ರಾಕ್ಟರನ್ನು ಕರೆದುಕೊಂಡು ಬಂದರು. ಅವನು ಅಳತೆ ಟೇಪು ಎಳೆದು, ನಮ್ಮ ಪ್ರೆಸ್ಸು ಕೂರಿಸಿದ ಬೆಂಚಿನ ಉದ್ದ ಅಳೆದು, ಸಿಂಕು ಇಲ್ಲಿ ಬರಬೇಕು ಅಂದ. ಕಾಕ ಅವನಿಗೆ ಟೇಪಿನ ಆ ತುದಿ ಹಿಡಿದುಕೊಟ್ಟರು. ಅವರು ಹೋದ ಮೇಲೆ ನನಗೆ ಯಾರ ದನಿಯೂ ಬರಲಿಲ್ಲ. ಬಂದಿದ್ದರೂ ಅದು ಅಳುವ ದನಿಯಾಗಿರುತ್ತಿತ್ತು, ಅದನ್ನು ನಾನು ಬಲ್ಲೆ ಅಂತ ಯಾರಿಗೂ ತೋರಿಸಿಲ್ಲ.

ಡಾಕ್ಟರ ಮೆಸೇಜು ಬಂತು: “ಹಾಜಿ, ಆಯಿತಾ?” ಕಾಕ ಫೋನು ನನ್ನ ಕಡೆ ದೂಡಿದರು. ನನ್ನದೇ ದನಿಯಲ್ಲಿ “ಆಗ್ತಾ ಉಂಟು ಡಾಕ್ಟರ್” ಅಂದೆ. ನನ್ನ ದನಿ ಎಷ್ಟು ತೆಳ್ಳಗಿದೆ ಎಂದು ಅವತ್ತೇ ಗೊತ್ತಾದದ್ದು.

ಕಾಕ ಒಂದು ಖಾಲಿ ಕೇಸು ಎತ್ತಿ ಬೆರಳಲ್ಲಿ ತಿರುಗಿಸಿದರು.

“ನೀನು ತೋಟೆ ತುಂಬಿ ಆದ ಮೇಲೆ ಪೆಟ್ಟಿಗೆಗೆ ಹೇಗೆ ಹಾಕ್ತಿ?”

“ಹೇಗೆ ಅಂದ್ರೆ? ಬಟ್ಟಲಿನಲ್ಲಿ ಗುಡ್ಡೆ ಹಾಕಿ, ಆಮೇಲೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿ ಸಿಕ್ಕಿಸ್ತೇನೆ.”

“ಅದು ಬೇಡ. ಇವತ್ತು ಕೆಲವು ಹೊಸತಾಗಿ ತುಂಬುವ. ಬೆಳಗ್ಗೆ ಮೊದಲು ಮಾಡಿದ್ದು ಮೊದಲು, ಕೊನೆಗೆ ಮಾಡಿದ್ದು ಕೊನೆಗೆ. ಸಾಲು ತಪ್ಪಿಸಬಾರದು. ಹೊಡೆಯುವುದೂ ಅದೇ ಸಾಲಿನಲ್ಲಿ.”

ತೋಟೆಗಳ ಬುಡಕ್ಕೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕುತ್ತಾ ಬಂದೆ. ಸಂಜೆ ಹೊಡೆಯುವಾಗ ಕಾಕ ಪ್ರತಿ ಹೊಡೆತಕ್ಕೂ ಯಂತ್ರದ ಅಂಕಿಯನ್ನು ಗಟ್ಟಿಯಾಗಿ ಓದಿಸಿದರು. ಮೊದಲಿನವು ನಿಧಾನ. ಆಮೇಲೆ ಸ್ವಲ್ಪ ಜೋರು. ಮಧ್ಯಾಹ್ನದ ನಂತರ ತುಂಬಿದವು ಇನ್ನೂ ಜೋರು. ಎಲ್ಲೂ ಹಿಂದೆ ಬರಲಿಲ್ಲ, ಹತ್ತುತ್ತಲೇ ಹೋದವು.

“ಕಾಕ, ತೋಟೆಗಳಿಗೆ ಗಂಟೆಗಂಟೆಗೆ ಪ್ರಮೋಷನ್ ಸಿಗ್ತಾ ಉಂಟು. ನನಗೇ ಸಿಗಲಿಲ್ಲ.”

ಕಾಕ ನಗಲಿಲ್ಲ. ರೈಫಲಿನ ಬೋಲ್ಟ್ ತೆರೆದಿಟ್ಟು, ಖಾಲಿ ಅಂತ ನನಗೂ ತೋರಿಸಿ, ನಮಾಜಿಗೆ ಹೊತ್ತಾಯಿತೆಂದು ಎದ್ದರು. ಕೈಕಾಲು ತೊಳೆದು ವುಜೂ ಮಾಡಿ ಮೊಣಕೈಯಿಂದ ನೀರು ತೊಟ್ಟಿಕ್ಕಿಸಿಕೊಂಡು ಕೋಣೆಗೆ ಬಂದು, ಬಲಗಡೆಯ ಗೋಡೆಯ ಹತ್ತಿರ ಇಟ್ಟಿದ್ದ ಟೊಪ್ಪಿಗೆ ಕೈ ಚಾಚಿದವರು ಹಾಗೇ ನಿಂತುಬಿಟ್ಟರು. ತಟ್ಟೆಯ ಪಕ್ಕ, ರಟ್ಟು ತಿರುಗಿಸಿದ ಗಾಳಿಯ ಎದುರಿಗೆ. ಕೈಯನ್ನು ತಿರುಗಿಸಿ ನೋಡಿದರು. ನೀರಿನ ಹನಿಗಳು ಆಗಲೇ ಇರಲಿಲ್ಲ.

“ನೋಡು,” ಅಂದರು. “ಟವೆಲ್ ಬೇಡ ಇಲ್ಲಿ.”

ನಮಾಜು ಮುಗಿಸಿ ಬಂದವರೇ ಹೊಸ ಮದ್ದು ಸ್ವಲ್ಪ ತೆಗೆಸಿ, ತೂಗಿಸಿ, ಅದೇ ಗಾಳಿಗೆ ಹರಡಿ ಇಡಿಸಿದರು. ಮುಟ್ಟಬಾರದು, ಉಸಿರು ಬಿಡಬಾರದು. ಮುಂದಿನ ನಮಾಜಿನ ಹೊತ್ತಿಗೆ ಅದನ್ನೇ ಮತ್ತೆ ತೂಗಿದಾಗ ತೂಕ ಇಳಿದಿತ್ತು. ಒಂದು ಕಾಳೂ ಎಲ್ಲೂ ಹೋಗಿರಲಿಲ್ಲ. ಹೋದದ್ದು ಅದರೊಳಗಿನ ಪಸೆ.

ಮದ್ದಿಗೆ ಒಂದಿಷ್ಟು ಪಸೆ ಹುಟ್ಟಿನಿಂದಲೇ ಇರುತ್ತದೆ, ಇರಬೇಕು. ಒಣಗಿದಷ್ಟೂ ಅದು ಬೇಗ ಉರಿಯುತ್ತದೆ. ಅಲ್ಲದೆ ಒಣಗಿ ಹಗುರಾದ ಮದ್ದನ್ನು ಅದೇ ತೂಕಕ್ಕೆ ತೂಗಿದರೆ ಕಾಳು ಹೆಚ್ಚು ಬೀಳುತ್ತದೆ. ನಾನು ಕಾಳು ಕಾಳಾಗಿ ಸರಿ ತೂಗುತ್ತಿದ್ದೆ. ಬೆಳಗ್ಗೆಯ ಕಾಳೂ ಸಂಜೆಯ ಕಾಳೂ ಒಂದೇ ಆಗಿರಲಿಲ್ಲ. ತಕ್ಕಡಿಯನ್ನು ಉಳಿಸಲು ತಿರುಗಿಸಿದ ಏಸಿಯ ಒಣ ಗಾಳಿ ಸೀದಾ ತಟ್ಟೆಯ ಮೇಲೆ ಬಿದ್ದಿತ್ತು. ಎರಡನೆಯ ಸಲ ಸಾಲು ಉದ್ದವಾದದ್ದು ಅದಕ್ಕೇ. ಊರಿನ ಮಳೆಗಾಲವನ್ನು ತಲೆಯಲ್ಲಿ ಹೊತ್ತುಕೊಂಡು ಬಂದ ಇಬ್ಬರು ಸೇರಿ ಮರಳುಗಾಡಿನಲ್ಲಿ ಮದ್ದನ್ನು ಹಪ್ಪಳ ಮಾಡಿದ್ದೆವು.

“ನಾನೇ ಹೇಳಿದ್ದಲ್ಲವಾ, ಗಾಳಿಗೆ ಇರ್ಲಿ ಅಂತ,” ಅಂದರು ಕಾಕ. ಆ ಮಾತನ್ನು ಅವರು ಹೇಳದೆ ಇರಬಹುದಿತ್ತು.

ಟ್ರಯಲು ಹತ್ತಿರ ಬಂದಿತ್ತು. ತುಂಬಿ ಮುಚ್ಚಿದ ಪೆಟ್ಟಿಗೆ ಮೇಜಿನ ಮೇಲಿತ್ತು. ಮೊಹರು ಒಡೆಯದ ಮದ್ದಿನ ಡಬ್ಬಿ ಒಂದೇ ಉಳಿದಿತ್ತು, ಅದೂ ಸಣ್ಣದು. ನಾನು ನನ್ನ ಜಾಣತನ ತೆಗೆದೆ.

“ಕಾಕ, ಯಾವುದು ಬೆಳಗಿನದ್ದು ಯಾವುದು ಸಂಜೆಯದ್ದು ಅಂತ ಗೊತ್ತಿಲ್ಲ ನಿಜ. ಆದ್ರೆ ಎಲ್ಲವೂ ಅಷ್ಟೇನೂ ಕೆಟ್ಟದ್ದಿಲ್ಲ. ಡಾಕ್ಟರು ಹೇಗೂ ಒಳ್ಳೆ ಶೂಟರು...”

“ಬಿಚ್ಚು,” ಅಂದರು ಕಾಕ.

“ಎಲ್ಲವನ್ನೂ?”

“ಎಲ್ಲವನ್ನೂ.”

ತೋಟೆಯಿಂದ ಗುಂಡು ಕೀಳಲು ಸುತ್ತಿಗೆಯಂಥ ಒಂದು ಪ್ಲಾಸ್ಟಿಕ್ಕಿನ ಸಾಧನ ಇದೆ. ತೋಟೆಯನ್ನು ಅದರ ತಲೆಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು, ಮದ್ದು ಎರಡೂ ಒಳಗೇ ಉದುರುತ್ತವೆ. ನಾನು ಬಡಿಯತೊಡಗಿದೆ. ಸದ್ದು ಕೇಳಿ ಮ್ಯಾನೇಜರು ಓಡಿ ಬಂದರು.

“ಎಂತ ಮಾಡ್ತಾ ಇದ್ದೀರಿ? ತಯಾರಾದದ್ದನ್ನು ಒಡೆಯುವುದಾ ಈಗ? ಬೇಸಿಕಲಿ ನಿಮಗೆ ತಲೆ ಸರಿ ಉಂಟಾ ಕಾಕ?”

“ನೋಡುವ,” ಅಂದರು ಕಾಕ. ಬಡಿಯುವುದನ್ನು ನಿಲ್ಲಿಸಬೇಡ ಅಂತ ನನಗೆ ಕಣ್ಣಿನಲ್ಲೇ ಹೇಳಿದರು.

ಬಿಚ್ಚಿದ ಮದ್ದು ಪೂರ್ತಿ ಬೇರೆಯಾಗಿ ವಿಲೇವಾರಿಗೆ ಹೋಯಿತು. ಹೊಸ ಡಬ್ಬಿಗೆ ಹೊಸ ಕ್ರಮ. ಏಸಿ ಬಂದ್. ಬಾಗಿಲು ಬಂದ್. ಡಬ್ಬಿಯಿಂದ ಬಟ್ಟಲಿಗೆ ಒಂದು ಹಿಡಿ ಮಾತ್ರ, ಡಬ್ಬಿ ಕೂಡಲೇ ಮುಚ್ಚಬೇಕು, ಬಟ್ಟಲಿಗೂ ತಟ್ಟೆ ಮುಚ್ಚಬೇಕು. ಬೆವರಿನ ಒಂದು ಹನಿ ಕೇಸಿನೊಳಗೆ ಬಿದ್ದರೆ ಅದು ಮುಗಿಯಿತು. ಇಬ್ಬರೂ ಹಣೆಗೆ ಬೈರಾಸು ಕಟ್ಟಿಕೊಂಡೆವು. ಕನ್ನಡಿಯಲ್ಲಿ ನೋಡಿದರೆ ಇಬ್ಬರು ತೆಂಗಿನಕಾಯಿ ಸುಲಿಯುವವರು. ಹೇಳಲು ನಾಲಿಗೆಯ ತುದಿಗೆ ಎಷ್ಟೆಲ್ಲ ಬಂತು. ಆದರೆ ಕಾಕನದು ಒಂದೇ ಆಜ್ಞೆ ಇತ್ತು: “ನೀನು ಮಾತಾಡಬಾರದು. ನೀನು ಮಾತಾಡಿದ್ರೆ ನನಗೆ ನಗು ಬರ್ತದೆ. ನಗು ಬಂದ್ರೆ ಕೈ ತಪ್ತದೆ.”

ಹೀಗೆ ಬಾಯಿಗೆ ಬೀಗ ಬಿದ್ದ ಮೇಲೆ ಮಾಡಲಿಕ್ಕೆ ಬೇರೇನೂ ಇಲ್ಲದೆ ನಾನು ಕಾಕನ ಕೈ ನೋಡತೊಡಗಿದೆ. ಪ್ರೈಮರ್ ಕೂರಿಸುವಾಗ ಹೆಬ್ಬೆರಳು ಒಮ್ಮೆ ನಿಲ್ಲುತ್ತದೆ, ತಳ ಮುಟ್ಟಿತು ಎಂದು ತಿಳಿದ ಮೇಲೆ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಹಿಡಿ ಇಳಿಸುವಾಗ ಉಸಿರು ಹೊರಗೆ, ಏರಿಸುವಾಗ ಒಳಗೆ. ಅವರ ಭುಜ ಸೋತು ಅವರು ಕೂತಾಗ ನಾನು ಪ್ರೆಸ್ಸಿನ ಮುಂದೆ ನಿಂತೆ. ಇಷ್ಟು ವರ್ಷ ಗಂಟಲಿಗೆ ಮಾತ್ರ ಕಲಿಸಿದ್ದನ್ನು ಕೈಗೆ ಕಲಿಸಬೇಕಿತ್ತು. ಕಾಕ ಕಣ್ಣು ಮುಚ್ಚಿ ಪ್ರೆಸ್ಸಿನ ಸದ್ದು ಕೇಳುತ್ತಾ ಕೂತರು. ಎಲ್ಲೂ ತಡೆಯಲಿಲ್ಲ. ಒಮ್ಮೆ ಮಾತ್ರ “ಅದು ಬೇಡ” ಅಂದರು. ತೆಗೆದಿಟ್ಟೆ. ಯಾಕೆ ಅಂತ ನನಗೂ ಗೊತ್ತಿತ್ತು: ಹಿಡಿ ಬೆಣ್ಣೆಯ ಹಾಗೆ ಇಳಿದಿತ್ತು.

ಟ್ರಯಲಿಗೆ ಬೇಕಾದಷ್ಟು ತುಂಬಿ ಉಳಿದದ್ದು ಮೂರು. ಅವನ್ನು ಹೊಡೆದು ನೋಡಿದೆವು. ಮೂರರ ವೇಗವೂ ಒಂದಕ್ಕೊಂದು ಒತ್ತಿ ಕೂತಂತೆ ಬಂತು. ನನಗೆ ಕುಣಿಯುವ ಆಸೆ.

“ಮೂರರಿಂದ ಎಂತ ಗೊತ್ತಾಗ್ತದೆ?” ಅಂದರು ಕಾಕ.

“ಏನೂ ಗೊತ್ತಾಗುವುದಿಲ್ಲ.”

“ಹಾಂ. ಅಷ್ಟು ಗೊತ್ತಿದ್ರೆ ಸಾಕು.”

ಟ್ರಯಲಿನ ದಿನ ಕ್ಲಬ್ಬಿನ ವ್ಯಾನು, ಪರವಾನಗಿಯ ಕಾಗದ, ಬೀಗದ ಪೆಟ್ಟಿಗೆ. ಪೆಟ್ಟಿಗೆಯನ್ನು ಬಿಸಿಲು ತಟ್ಟದ, ಏಸಿಯ ಗಾಳಿಯೂ ತಟ್ಟದ ಜಾಗದಲ್ಲಿ ಕಾಕ ಕೂರಿಸಿದರು. ದಾರಿಯಲ್ಲಿ ಒಂದೇ ಮಾತು ಆಡಿದ್ದು: “ಎಲ್ಲ ಸರಿ ಹೋದ್ರೆ ಬರುವಾಗ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋಗಿ ಒಂದು ಅಂಜಲ್ ತಗೊಳ್ಳುವ.” ಸರಿ ಹೋಗದಿದ್ದರೆ ಏನೆಂದು ನಾನು ಕೇಳಲಿಲ್ಲ.

ರೇಂಜಿನಲ್ಲಿ ನನ್ನ ಹುದ್ದೆ ಕೊಡೆ ಹಿಡಿಯುವುದು. ಡಾಕ್ಟರಿಗಲ್ಲ, ತೋಟೆಗಳಿಗೆ. ಬಿಸಿಲಿಗೆ ಕಾದ ತೋಟೆ ಜೋರು ಹೋಗುತ್ತದೆ. ಹಾಗಾಗಿ ನಾನು ಬಿಸಿಲಿನಲ್ಲಿ, ತೋಟೆ ನೆರಳಿನಲ್ಲಿ. ಡಾಕ್ಟರು ಚಾಪೆಯ ಮೇಲೆ ಮಲಗಿ ಹೊಡೆಯುತ್ತಿದ್ದರು. ಪಕ್ಕದ ಸಣ್ಣ ಪರದೆಯಲ್ಲಿ ಪ್ರತಿ ಗುಂಡು ಬಿದ್ದ ಜಾಗ ಚುಕ್ಕೆಯಾಗಿ ಮೂಡುತ್ತಿತ್ತು. ನಮ್ಮ ಹಿಂದೆ ಮ್ಯಾನೇಜರು ಕೈ ಕಟ್ಟಿ ನಿಂತಿದ್ದರು.

ಚುಕ್ಕೆಗಳು ನಡುವಿನಲ್ಲೇ ಬಿದ್ದವು. ಒಂದರ ಪಕ್ಕ ಒಂದು, ಮೇಲೂ ಇಲ್ಲ ಕೆಳಗೂ ಇಲ್ಲ. ಕಾಕ ಪರದೆ ನೋಡುತ್ತಿರಲಿಲ್ಲ. ಚಿಮ್ಮಿ ಬೀಳುವ ಖಾಲಿ ಕೇಸುಗಳನ್ನು ನೋಡುತ್ತಿದ್ದರು. ನನ್ನ ತೋಳು ಸೋತು ಕೊಡೆ ನಡುಗಿದಾಗ ಅವರ ಕೈ ಬಂದು ಹಿಡಿಗೆ ಸೇರಿತು.

ಕೊನೆಯ ಸುತ್ತು. ಉಳಿದದ್ದು ಕೆಲವೇ ತೋಟೆ. ಡಾಕ್ಟರು ಕೆನ್ನೆ ಊರಿದರು, ಉಸಿರು ಬಿಟ್ಟರು, ಯಾಕೋ ಎಂದಿಗಿಂತ ಹೆಚ್ಚು ಹೊತ್ತು ತಡೆದರು. ಹೊಡೆತ. ಅವರ ತುಟಿ ಅಲ್ಲಾಡಿತು. ಕಿವಿಗೆ ಮಫ್ ಹಾಕಿದ್ದರಿಂದ ನನಗೆ ಏನೂ ಕೇಳಿಸಲಿಲ್ಲ. ಪರದೆಯಲ್ಲಿ ಚುಕ್ಕೆ ಗುಂಪು ಬಿಟ್ಟು ದೂರ, ಎಡಗಡೆಗೆ ಬಿದ್ದಿತ್ತು.

ಕಾಕ “ಅದು ಬೇಡ” ಅಂದಿದ್ದ ತೋಟೆ ತಪ್ಪಿ ಪೆಟ್ಟಿಗೆಗೆ ಬಂದಿತಾ? ಇಲ್ಲ, ಅದನ್ನು ನಾನೇ ಬಿಚ್ಚಿದ್ದೆ. ಬಿಚ್ಚಿದ್ದೆನಾ? ಮ್ಯಾನೇಜರು ಒಂದು ಹೆಜ್ಜೆ ಮುಂದೆ ಬಂದದ್ದು ಕಣ್ಣಂಚಿಗೆ ಕಾಣಿಸಿತು. ಕಾಕ ಈಗ ಪರದೆ ನೋಡಿದರು. ಚುಕ್ಕೆ ಎಡಕ್ಕಿತ್ತು, ಮೇಲಕ್ಕಲ್ಲ. ಅದರ ಅರ್ಥ ಅವರಿಗೆ ತಿಳಿದಿತ್ತು, ನನಗೂ ತಿಳಿಯಿತು. ನಾನು ಬಾಯಿ ತೆರೆದೆ. ಕೊಡೆಯ ಹಿಡಿಯ ಮೇಲಿದ್ದ ಕಾಕನ ಕೈ ನನ್ನ ಬೆರಳುಗಳನ್ನು ಒತ್ತಿ ಹಿಡಿಯಿತು. ಹೊಡೆಯುವವರು ಮಲಗಿರುವಾಗ ತಪ್ಪು ನಿಮ್ಮದು ಅಂತ ಹೇಳುವ ಪದ್ಧತಿ ಕಾಕನ ಕೋಣೆಯಲ್ಲಿ ಇಲ್ಲ.

ಡಾಕ್ಟರು ಉಳಿದವನ್ನು ಹೊಡೆದರು. ಎಲ್ಲವೂ ನಡುವಿಗೆ.

ಆಯ್ಕೆಯ ಹೆಸರುಗಳನ್ನು ಓದುವಾಗ ಎಲ್ಲರೂ ನೆರಳಿನಲ್ಲಿ ನಿಂತಿದ್ದೆವು. ಡಾಕ್ಟರ ಹೆಸರು ಬಂತು, ಎಲ್ಲರಿಗಿಂತ ಕೊನೆಗೆ. ನಾನು ಕೊಡೆಯನ್ನು ಆಕಾಶಕ್ಕೆ ಎಸೆಯುವವನಿದ್ದೆ. ಮ್ಯಾನೇಜರು ನಡುವೆ ಬಂದರು. ಅಭಿನಂದನೆ ಹೇಳಿ, ದನಿ ತಗ್ಗಿಸಿದರು, ಆದರೆ ಕಾಕನಿಗೆ ಕೇಳುವಷ್ಟು.

“ಬೇಸಿಕಲಿ ಮೇಡಂ, ನಸೀಬು ಚೆನ್ನಾಗಿತ್ತು. ಆ ಒಂದು ರೌಂಡು ಕೈ ಕೊಡದಿದ್ರೆ ನೀವು ಲಿಸ್ಟಿನಲ್ಲಿ ಮೇಲಿರ್ತಿದ್ರಿ. ಕೈಯಿಂದ ಮಾಡಿದ್ದು ಅಂದ್ರೆ ಇದೇ ತೊಂದರೆ. ಕಾಕನಿಗೆ ನಾನು ಮೊದಲೇ ಹೇಳಿದ್ದೆ. ಇನ್ನು ಮುಂದೆ ಫ್ಯಾಕ್ಟರಿಯದ್ದೇ ತರಿಸುವ, ಆ ಕೋಣೆಯನ್ನು...”

ಕಾಕ ನೆಲ ನೋಡುತ್ತಿದ್ದರು. ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವರೆಲ್ಲ ಖಾಲಿ ಮಾಡಿ ಹೋಗಿದ್ದರು.

ಆ ಕೋಣೆಯ ವಿಷಯವನ್ನು ಮ್ಯಾನೇಜರು ಅಲ್ಲಿಂದ ಮುಂದೆ ಎತ್ತಲಿಲ್ಲ. ಯಾಕೆಂದರೆ ಡಾಕ್ಟರು ರೈಫಲಿನ ಚೀಲದ ಜಿಪ್ ಎಳೆಯುತ್ತಾ, ತಲೆ ಕೂಡ ಎತ್ತದೆ ಹೇಳಿದ ಮಾತು ಇದು:

“ಆ ಹೊಡೆತವನ್ನು ಎಡಕ್ಕೆ ಎಳೆದದ್ದು ನಾನು. ಪರದೆಗೆ ಬರುವ ಮೊದಲೇ ‘ಎಡಕ್ಕೆ ಹೋಯ್ತು’ ಅಂತ ಹೇಳಿದೆ, ಬೇಕಾದರೆ ನನ್ನ ಹಿಂದೆ ಕೂತಿದ್ದ ರೆಫರಿಯನ್ನು ಕೇಳಿ. ಹಾಜಿಯ ತೋಟೆಯಲ್ಲಿ ಇರುವುದು ಒಂದೇ ತೊಂದರೆ ಸಾರ್: ತಪ್ಪಿದರೆ ಬೈಯಲಿಕ್ಕೆ ನನ್ನನ್ನು ಬಿಟ್ಟು ಇನ್ನೊಬ್ಬರು ಸಿಗುವುದಿಲ್ಲ.”